ಮನೆಯ ಹಿರಿಯರಿಗೆ ಲಸಿಕೆ: ಬಿಸುವಿನಿಂದ ಪತ್ತನಾಜೆಯೊಳಗೆ ಮುಗಿಸುವ ಕ್ರಮ

"ಅಜ್ಜಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದೆವು, ಅಲ್ಲಿ ಲಸಿಕೆ ಇರಲಿಲ್ಲ, ವಾಪಸ್ ಬಂದೆವು. ಈಗ ಅವರು ಮತ್ತೆ ಹೊರಡುವುದಿಲ್ಲ ಅಂತಾರೆ." ಕಾಪು, ಮೂಲ್ಕಿ, ಸುರತ್ಕಲ್ ಕಡೆಯ ಪರಿಚಿತರಿಂದ ನಾನು ಹೆಚ್ಚು ಸಲ ಕೇಳಿದ ಮಾತು ಇದು. ಹೇಳುವವರೆಲ್ಲ ತಪ್ಪನ್ನು ಹಿರಿಯರ ಹಟದ ಮೇಲೆ ಹಾಕುತ್ತಾರೆ. ನಾನು ಕಂಡಂತೆ ಹತ್ತರಲ್ಲಿ ಎಂಟು ಮನೆಗಳಲ್ಲಿ ಹಟ ಕಾರಣವಲ್ಲ, ನಾವು ಕೆಲಸ ಮಾಡಿದ ಕ್ರಮ ಕಾರಣ. ಮೊಣಕಾಲು ನೋವಿರುವ ಎಪ್ಪತ್ತೆಂಟರ ಹೆಂಗಸಿಗೆ ಒಂದು ವ್ಯರ್ಥ ಪ್ರಯಾಣ ಸಾಕು, ಎರಡನೆಯದಕ್ಕೆ ಅವರು ಏಳುವುದಿಲ್ಲ.

ಆದ್ದರಿಂದ ಈ ಬರಹದ ನಿಯಮ ಒಂದೇ. ಹಿರಿಯರು ಲಸಿಕೆಗಾಗಿ ಮನೆಯ ಮೆಟ್ಟಿಲು ಇಳಿಯುವುದು ಐದನೇ ಹಂತದಲ್ಲಿ. ಅದಕ್ಕೆ ಮೊದಲಿನ ನಾಲ್ಕು ಹಂತಗಳಲ್ಲಿ ಓಡಾಟ ನಿಮ್ಮದು.

ಕಾಲದ ಲೆಕ್ಕ ಮೊದಲು ಮನಸ್ಸಿನಲ್ಲಿರಲಿ. ನಮ್ಮ ಕರಾವಳಿಯಲ್ಲಿ ಫ್ಲೂ ಜ್ವರ ಜೋರಾಗುವುದು ಮಳೆಗಾಲದಲ್ಲಿ. ಲಸಿಕೆ ಹಾಕಿಸಿಕೊಂಡ ಮೇಲೆ ರಕ್ಷಣೆ ಬೆಳೆಯಲು ಸುಮಾರು ಎರಡು ವಾರ ಬೇಕು. ಹಾಗಾಗಿ ಏಪ್ರಿಲ್ ಮಧ್ಯದ ಬಿಸು ಹಬ್ಬದಂದು ಕೆಲಸ ಶುರು ಮಾಡಿ, ಮೇ 24ರ ಆಸುಪಾಸಿನ ಪತ್ತನಾಜೆಯೊಳಗೆ ಮುಗಿಸಿ. ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಆ ದಿನ ಯಾವ ಅಜ್ಜನಿಗೂ ಮರೆಯುವುದಿಲ್ಲ, ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಅಗತ್ಯವೇ ಇಲ್ಲ. ಪತ್ತನಾಜೆ ದಾಟಿತೆಂದು ಬಿಟ್ಟುಬಿಡಬೇಡಿ. ತಡವಾಗಿ ಹಾಕಿಸಿದ್ದು ಹಾಕಿಸದೆ ಇರುವುದಕ್ಕಿಂತ ಮೇಲು, ಆದರೆ ಮೊದಲ ಎರಡು ವಾರದ ಮಳೆಗೆ ಅವರಿಗೆ ಆಸರೆ ಇರುವುದಿಲ್ಲ.

## ಕೈಯಲ್ಲಿ ಇರಬೇಕಾದದ್ದು

ಒಂದು ನೋಟ್‌ಬುಕ್, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ಹಳೆಯ ಆಸ್ಪತ್ರೆ ಕಡತ, ಡಿಜಿಟಲ್ ಥರ್ಮಾಮೀಟರ್, ಪ್ಯಾರಾಸಿಟಮಾಲ್. ಲಸಿಕೆಯನ್ನು ನೀವೇ ಮೆಡಿಕಲ್‌ನಿಂದ ಒಯ್ಯಬೇಕಾದರೆ ಥರ್ಮೋಕೋಲ್ ಪೆಟ್ಟಿಗೆ ಮತ್ತು ಎರಡು ಐಸ್ ಪ್ಯಾಕ್. ಇಷ್ಟೇ.

## ಹಂತ 1: ಒಂದು ಪುಟದ ಚೀಟಿ ಬರೆಯಿರಿ

ಹೆಸರು, ಪ್ರಾಯ, ಕಾಯಿಲೆಗಳು, ಮಾತ್ರೆಗಳು, ಅಲರ್ಜಿ, ಹಿಂದೆ ಹಾಕಿಸಿದ ಲಸಿಕೆಗಳು. ಎಲ್ಲ ಒಂದೇ ಪುಟದಲ್ಲಿ ಇರಲಿ, ವೈದ್ಯರು ಅರ್ಧ ನಿಮಿಷದಲ್ಲಿ ಓದುವಂತಿರಲಿ.

ಈ ಐದು ಪ್ರಶ್ನೆಗಳಿಗೆ ಉತ್ತರ ಅದರಲ್ಲಿ ಇರಲೇಬೇಕು. ರಕ್ತ ತೆಳುವಾಗಿಸುವ ಮಾತ್ರೆ ಇದೆಯೇ? ಡಯಾಲಿಸಿಸ್‌ಗಾಗಿ ಯಾವ ಕೈಯಲ್ಲಿ ಫಿಸ್ಟುಲಾ (ರಕ್ತನಾಳಗಳ ಜೋಡಣೆ) ಮಾಡಿದ್ದಾರೆ? ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ ಯಾವ ಬದಿಗೆ ಆಗಿದೆ? ಸ್ಟೀರಾಯ್ಡ್ ಅಥವಾ ಕಿಮೋಥೆರಪಿ ನಡೆಯುತ್ತಿದೆಯೇ? ಹಿಂದೆ ಯಾವುದಾದರೂ ಲಸಿಕೆಯ ಬಳಿಕ ಉಸಿರು ಕಟ್ಟಿದ್ದು, ಮುಖ ಊದಿದ್ದು, ಕಾಲಿನ ಶಕ್ತಿ ಹೋದದ್ದು ಉಂಟೇ? ಫಿಸ್ಟುಲಾ ಇರುವ ಕೈಗೆ ಚುಚ್ಚಬಾರದು. ಶಸ್ತ್ರಚಿಕಿತ್ಸೆ ಆದ ಬದಿಯ ಕೈಯನ್ನೂ ಬಿಟ್ಟು ಇನ್ನೊಂದಕ್ಕೆ ಹಾಕಿಸುವುದು ರೂಢಿ. ನೂಕುನುಗ್ಗಲಿರುವ ಕಡೆ ಇದನ್ನು ಕೇಳುವವರು ಇಲ್ಲದಿರಬಹುದು, ಹೇಳುವ ಹೊಣೆ ನಿಮ್ಮದು.

ಇಲ್ಲಿ ಹೆಚ್ಚಿನವರು ಎಡವುವುದು "ಅಮ್ಮನಿಗೆ ಎಲ್ಲ ಹಾಕಿಸಿದ್ದೇವೆ" ಎಂಬ ನೆನಪನ್ನು ನಂಬಿ. ಕೋವಿಡ್ ಲಸಿಕೆ, ಗಾಯವಾದಾಗಿನ ಟಿಟಿ, ಆಸ್ಪತ್ರೆಯಲ್ಲಿ ಕೊಟ್ಟ ಆ್ಯಂಟಿಬಯೋಟಿಕ್ ಇಂಜೆಕ್ಷನ್, ಮೂರೂ ನೆನಪಿನಲ್ಲಿ ಒಂದಾಗಿರುತ್ತವೆ. ಬಿಲ್ಲು, ಸ್ಟಿಕ್ಕರ್ ಅಥವಾ ಕಾರ್ಡ್ ಇದ್ದರೆ ಮಾತ್ರ "ಹಾಕಿಸಿದೆ" ಎಂದು ಬರೆಯಿರಿ. ಇಲ್ಲದಿದ್ದರೆ "ದಾಖಲೆ ಇಲ್ಲ" ಎಂದು ಬರೆಯಿರಿ, ಮುಂದಿನದ್ದನ್ನು ವೈದ್ಯರು ನಿರ್ಧರಿಸಲಿ.

## ಹಂತ 2: ಅವರೊಡನೆ ಕುಳಿತು ಮಾತಾಡಿ

ಮುಂಬೈಯಿಂದಲೋ ದುಬೈಯಿಂದಲೋ ಮಗ ಫೋನ್ ಮಾಡಿ "ನಾಡಿದ್ದು ಲಸಿಕೆ, ರೆಡಿಯಾಗಿರಿ" ಎಂದರೆ ಅದನ್ನು ಮಾತುಕತೆ ಎನ್ನಲಾಗದು. ದೇಹ ಅವರದ್ದು, ಒಪ್ಪಿಗೆಯೂ ಅವರದ್ದೇ. ನಾಲ್ಕು ಜನರ ಮುಂದೆ ಕೇಳಬೇಡಿ. ಮಧ್ಯಾಹ್ನ ಊಟವಾಗಿ ಚಾವಡಿಯಲ್ಲಿ ಒಬ್ಬರೇ ಕುಳಿತಿರುವಾಗ ಕೇಳಿ.

ಸಾಮಾನ್ಯವಾಗಿ ಬರುವ ಉತ್ತರಗಳು ನಾಲ್ಕೇ.

"ಈ ಪ್ರಾಯದಲ್ಲಿ ನನಗೆಂತದಕ್ಕೆ ಇಂಜೆಕ್ಷನ್ ಮಾರಾಯ?" ಪ್ರಾಯವಾದದ್ದರಿಂದಲೇ ಬೇಕು ಎಂದು ನೇರವಾಗಿ ಹೇಳಿ. ದೇಹದ ಪ್ರತಿರೋಧ ಶಕ್ತಿ ವಯಸ್ಸಿನ ಜತೆ ಕುಗ್ಗುತ್ತದೆ. ಮೂವತ್ತರ ಮಗನಿಗೆ ನಾಲ್ಕು ದಿನದ ಜ್ವರವಾಗಿ ಹೋಗುವ ಫ್ಲೂ ಅವರಿಗೆ ನ್ಯುಮೋನಿಯಾ ಆಗಬಹುದು, ಹೃದಯಾಘಾತಕ್ಕೂ ದಾರಿ ಮಾಡಬಹುದು. ಸಾವಿನ ಹೆದರಿಕೆ ಹುಟ್ಟಿಸುವುದು ಬೇಡ. "ಹಾಸಿಗೆ ಹಿಡಿಯಬಾರದು, ನಿಮ್ಮ ಕೆಲಸ ನೀವೇ ಮಾಡಿಕೊಂಡಿರಬೇಕು" ಎಂಬ ಮಾತು ಅವರಿಗೆ ಹೆಚ್ಚು ತಟ್ಟುತ್ತದೆ, ಅದು ನಿಜವೂ ಹೌದು.

"ಆಟಿ ಅಮಾವಾಸ್ಯೆಗೆ ಪಾಲೆ ಮರದ ತೊಗಟೆಯ ಕಷಾಯ ಕುಡಿಯುತ್ತೇನಲ್ಲ." ಕಷಾಯವನ್ನು ಹೀಗಳೆಯಬೇಡಿ, ಅಲ್ಲಿಗೆ ಮಾತು ಮುಗಿದುಹೋಗುತ್ತದೆ. ಕಷಾಯ ಕುಡಿಯುವವರು ಲಸಿಕೆ ಹಾಕಿಸಿಕೊಳ್ಳಬಾರದೆಂದು ಯಾರೂ ಹೇಳಿಲ್ಲ. ಒಂದು ಇನ್ನೊಂದರ ಕೆಲಸ ಮಾಡುವುದಿಲ್ಲ ಎಂದಷ್ಟೇ ತಿಳಿಸಿ.

"ಸರ್ಪಸುತ್ತು ಬಂದರೆ ನಾಗನಿಗೆ ಹೇಳಿಕೊಂಡರಾಯಿತು." ಇದು ನಂಬಿಕೆಯ ವಿಷಯ, ವಾದಕ್ಕೆ ಇಳಿಯಬೇಡಿ. ನಾಗನಿಗೆ ಪೂಜೆ, ತಂಬಿಲ ಅವರ ಇಷ್ಟ. ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ಬಂದುಹೋದವರ ನರಗಳಲ್ಲಿ ಅದೇ ವೈರಸ್ ಉಳಿದಿರುತ್ತದೆ, ಇಳಿವಯಸ್ಸಿನಲ್ಲಿ ಎದ್ದು ಸರ್ಪಸುತ್ತಾಗುತ್ತದೆ ಎಂದು ತಿಳಿಸಿ. ಬೊಕ್ಕೆ ಒಣಗಿದ ಮೇಲೂ ತಿಂಗಳುಗಟ್ಟಲೆ ಉರಿಯುವ ನರದ ನೋವನ್ನು ಕಂಡವರು ನೆರೆಕರೆಯಲ್ಲಿ ಒಬ್ಬರಾದರೂ ಇರುತ್ತಾರೆ. ಅವರ ಬಾಯಿಂದಲೇ ಕೇಳಿಸಿ.

"ಖರ್ಚು ಎಷ್ಟು?" ಬಹಳ ಸಲ ಮೇಲಿನ ಮೂರು ಉತ್ತರಗಳ ಹಿಂದೆ ಅಡಗಿರುವುದು ಈ ಪ್ರಶ್ನೆ. ಮಕ್ಕಳಿಗೆ ಹೊರೆಯಾಗಬಾರದೆಂಬ ಸಂಕೋಚ. ಬೆಲೆಯನ್ನು ಮುಚ್ಚಿಡಬೇಡಿ, "ಅದು ಬದಿಗೆ ಇಟ್ಟಾಗಿದೆ" ಎಂದು ಹೇಳಿ.

ಅವರು ಬೇಡವೆಂದರೆ ಅಂದಿಗೆ ಬಿಡಿ. ಒಂದು ವಾರ ಕಳೆದು ಮತ್ತೊಮ್ಮೆ ಕೇಳಿ. ವಿಟಮಿನ್ ಇಂಜೆಕ್ಷನ್ ಎಂದು ಸುಳ್ಳು ಹೇಳಿ ಹಾಕಿಸಿದ ಮನೆಗಳನ್ನು ನೋಡಿದ್ದೇನೆ. ಅದು ಗೊತ್ತಾದ ದಿನದಿಂದ ಆ ಹಿರಿಯರು ಬಿಪಿ ಮಾತ್ರೆಯನ್ನೂ ಅನುಮಾನದಿಂದ ನೋಡತೊಡಗಿದರು.

## ಹಂತ 3: ಯಾವ ಲಸಿಕೆ, ಯಾವುದು ಮೊದಲು

ಮುಂದಿನ ಬಿಪಿ, ಸಕ್ಕರೆ ತಪಾಸಣೆಗೆ ಹೇಗೂ ವೈದ್ಯರಲ್ಲಿಗೆ ಹೋಗುತ್ತೀರಿ. ಅಂದು ಆ ಒಂದು ಪುಟ ತೋರಿಸಿ ಲಸಿಕೆಯ ಚೀಟಿ ಬರೆಸಿಕೊಳ್ಳಿ. ಕೆಳಗಿನದು ವೈದ್ಯರ ಮಾತಿಗೆ ಬದಲಿ ಅಲ್ಲ, ನೀವು ಸರಿಯಾದ ಪ್ರಶ್ನೆ ಕೇಳಲು.

ಫ್ಲೂ. ಪ್ರತಿ ವರ್ಷ ಒಂದು ಡೋಸ್. ವೈರಸ್ ರೂಪ ಬದಲಿಸುವುದರಿಂದ ಲಸಿಕೆಯೂ ಬದಲಾಗುತ್ತದೆ, ಹೋದ ವರ್ಷದ್ದು ಈ ವರ್ಷಕ್ಕೆ ಸಾಲದು. ಸೂಜಿಯಲ್ಲಿ ಕೊಡುವ ನಿಷ್ಕ್ರಿಯ ಲಸಿಕೆಯನ್ನೇ ಕೇಳಿ, ಮೂಗಿಗೆ ಸಿಂಪಡಿಸುವ ಜೀವಂತ ಲಸಿಕೆ ಹಿರಿಯರಿಗೆ ಅಲ್ಲ. ಹಾಕಿಸಿಕೊಂಡರೂ ಶೀತ ಬರಬಹುದು. ಆಸ್ಪತ್ರೆ ಸೇರುವಷ್ಟು ಜೋರಾಗುವ ಸಾಧ್ಯತೆಯನ್ನು ತಗ್ಗಿಸುವುದೇ ಅದರ ದೊಡ್ಡ ಉಪಯೋಗ. ಇದನ್ನು ಮೊದಲೇ ಹೇಳದಿದ್ದರೆ ಜುಲೈಯಲ್ಲಿ ಒಂದು ಸೀನು ಬಂದರೂ "ನಿನ್ನ ಮಾತು ಕೇಳಿ ಹಾಕಿಸಿದೆ, ಎಂತ ಆಯಿತು?" ಎಂಬ ಪ್ರಶ್ನೆ ಬರುತ್ತದೆ.

ನ್ಯುಮೋಕಾಕಲ್, ಜನರ ಬಾಯಲ್ಲಿ ನ್ಯುಮೋನಿಯಾ ಲಸಿಕೆ. ಅತಿ ಹೆಚ್ಚು ಗೊಂದಲ ಇಲ್ಲಿ, ಯಾಕೆಂದರೆ ಒಂದೇ ಹೆಸರಿನಲ್ಲಿ ಪಿಸಿವಿ, ಪಿಪಿಎಸ್‌ವಿ ಎಂಬ ಎರಡು ಬಗೆಯ ಲಸಿಕೆಗಳಿವೆ, ಜತೆಗಿನ ಸಂಖ್ಯೆ ಅದು ಎಷ್ಟು ತಳಿಯ ರೋಗಾಣುಗಳ ವಿರುದ್ಧ ಎಂಬುದನ್ನು ಹೇಳುತ್ತದೆ. ಪಿಸಿವಿ 20 ಹಾಕಿಸಿದರೆ ಒಂದೇ ಡೋಸ್‌ಗೆ ಮುಗಿಯಿತು. ಪಿಸಿವಿ 13 ಹಾಕಿಸಿದರೆ ಸಾಮಾನ್ಯವಾಗಿ ಒಂದು ವರ್ಷದ ನಂತರ ಪಿಪಿಎಸ್‌ವಿ 23 ಬೇಕು. ರೋಗ ನಿರೋಧಕ ಶಕ್ತಿ ತೀರಾ ಕಡಿಮೆ ಇರುವವರಿಗೆ ವೈದ್ಯರು ಆ ಅಂತರವನ್ನು ಎಂಟು ವಾರಕ್ಕೆ ಇಳಿಸಬಹುದು. ಮೊದಲೇ ಪಿಪಿಎಸ್‌ವಿ 23 ಒಂದನ್ನೇ ಹಾಕಿಸಿದ್ದರೆ, ಒಂದು ವರ್ಷ ಕಳೆದು ಪಿಸಿವಿ ಹಾಕಿಸಬಹುದು. ಚೀಟಿಯಲ್ಲಿ ಬರೀ "ನ್ಯುಮೋನಿಯಾ ಲಸಿಕೆ" ಎಂದಿದ್ದರೆ ಸಂಖ್ಯೆ ಸಹಿತ ಬರೆಸಿಕೊಳ್ಳದೆ ಎದ್ದು ಬರಬೇಡಿ.

ಸರ್ಪಸುತ್ತು. ಶಿಂಗ್ರಿಕ್ಸ್ ಎಂಬ ಲಸಿಕೆ 2023ರಿಂದ ನಮ್ಮ ದೇಶದಲ್ಲಿ ಸಿಗುತ್ತಿದೆ. ಐವತ್ತು ದಾಟಿದವರಿಗೆ ಎರಡು ಡೋಸ್, ನಡುವೆ ಎರಡರಿಂದ ಆರು ತಿಂಗಳ ಅಂತರ. ಪರೀಕ್ಷೆಗಳಲ್ಲಿ ಎಪ್ಪತ್ತು ದಾಟಿದವರಲ್ಲೂ ಶೇಕಡಾ 90ರಷ್ಟು ರಕ್ಷಣೆ ಕಂಡಿದೆ. ಜೀವಂತ ವೈರಸ್ ಇಲ್ಲದ್ದರಿಂದ ಪ್ರತಿರೋಧ ಶಕ್ತಿ ಕಡಿಮೆ ಇರುವವರಿಗೂ ಆಗುತ್ತದೆ. ಒಮ್ಮೆ ಸರ್ಪಸುತ್ತು ಬಂದವರಿಗೂ ಬೇಕು, ಆದರೆ ಬೊಕ್ಕೆಗಳು ಪೂರ್ತಿ ಒಣಗಿದ ಮೇಲೆ. ಈ ಪಟ್ಟಿಯಲ್ಲಿ ಇದೇ ಅತಿ ದುಬಾರಿ, ಎರಡೂ ಡೋಸಿನ ದುಡ್ಡು ಲೆಕ್ಕ ಹಾಕಿಯೇ ಮೊದಲನೆಯದಕ್ಕೆ ಕೈ ಹಾಕಿ.

ಧನುರ್ವಾಯು. ಹತ್ತು ವರ್ಷಕ್ಕೊಮ್ಮೆ ಟಿಡಿ (ಧನುರ್ವಾಯು ಮತ್ತು ಡಿಫ್ತೀರಿಯಾ ಲಸಿಕೆ), ಅದರಲ್ಲಿ ಒಂದು ಸಲ ನಾಯಿಕೆಮ್ಮಿನ ರಕ್ಷಣೆಯೂ ಇರುವ ಟಿಡ್ಯಾಪ್. ಅಡಿಕೆ ತೋಟ, ಗದ್ದೆ, ಹಟ್ಟಿಯ ಕೆಲಸ ಬಿಡದ ಹಿರಿಯರಿಗೆ ಇದು ಮುಖ್ಯ.

ಹೆಪಟೈಟಿಸ್ ಬಿ. ಡಯಾಲಿಸಿಸ್‌ನಲ್ಲಿರುವವರಿಗೆ ಬೇಕೇ ಬೇಕು, ಅವರಿಗೆ ಪ್ರಮಾಣ ಹೆಚ್ಚು. ಡಯಾಲಿಸಿಸ್ ವಿಭಾಗದಲ್ಲೇ ವಿಚಾರಿಸಿ.

ದುಡ್ಡು ಕಡಿಮೆ ಇದ್ದರೆ ಯಾವುದು ಮೊದಲು? ಮಳೆಗಾಲ ಹತ್ತಿರವಿದ್ದರೆ ಫ್ಲೂ, ಮರುಮಾತಿಲ್ಲ. ದಮ್ಮು, ಹೃದಯ, ಸಕ್ಕರೆ, ಕಿಡ್ನಿ ತೊಂದರೆ ಇರುವವರಿಗೆ ಅದರೊಟ್ಟಿಗೆ ನ್ಯುಮೋಕಾಕಲ್. ಎರಡನ್ನೂ ಒಂದೇ ದಿನ, ಎರಡು ರಟ್ಟೆಗಳಿಗೆ ಹಾಕಿಸಬಹುದು, ಒಂದು ಪ್ರಯಾಣ ಉಳಿಯುತ್ತದೆ. ಸರ್ಪಸುತ್ತಿನದ್ದನ್ನು ದೀಪಾವಳಿ ಕಳೆದ ಮೇಲೆ ಇಟ್ಟುಕೊಂಡರೂ ನಡೆಯುತ್ತದೆ, ಅದಕ್ಕೆ ಋತುವಿಲ್ಲ.

ಲಸಿಕೆ ಮುಂದೂಡಲು ನಿಜವಾದ ಕಾರಣ ಮೈಬಿಸಿ ಜ್ವರ ಅಥವಾ ಈಗಷ್ಟೇ ಬಂದ ಜೋರು ಕಾಯಿಲೆ. ಸಣ್ಣ ಶೀತ ಕಾರಣವಲ್ಲ. ಹತೋಟಿಯಲ್ಲಿರುವ ಬಿಪಿ, ಸಕ್ಕರೆಯೂ ಅಲ್ಲ. ಬಿಪಿ ಮಾತ್ರೆಯನ್ನು ಲಸಿಕೆಯ ದಿನ ನಿಲ್ಲಿಸುವವರಿದ್ದಾರೆ, ಅದು ಅಪಾಯ.

## ಹಂತ 4: ಲಸಿಕೆ ಇದೆಯೇ, ತಣ್ಣಗಿದೆಯೇ?

ಮಕ್ಕಳಿಗೆ ನ್ಯುಮೋಕಾಕಲ್ ಲಸಿಕೆ ಸರ್ಕಾರಿ ಕಾರ್ಯಕ್ರಮದಲ್ಲಿ ಉಚಿತ. ಹಿರಿಯರಿಗೆ ಫ್ಲೂ, ನ್ಯುಮೋಕಾಕಲ್, ಸರ್ಪಸುತ್ತು ಆ ಪಟ್ಟಿಯಲ್ಲಿಲ್ಲ. ಟಿಡಿ ಮಾತ್ರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಗುತ್ತದೆ. ಉಳಿದದ್ದಕ್ಕೆ ಖಾಸಗಿ ಆಸ್ಪತ್ರೆ ಅಥವಾ ದೊಡ್ಡ ಮೆಡಿಕಲ್. ಮಂಗಳೂರು, ಮಣಿಪಾಲಗಳಲ್ಲಿ ಸಿಗುವುದು ಸುಲಭ. ಹೆಬ್ರಿ, ಕೊಲ್ಲೂರು, ಸುಬ್ರಹ್ಮಣ್ಯ ಕಡೆಯವರು ಮೊದಲೇ ಹೇಳಿ ತರಿಸಬೇಕಾಗಬಹುದು. ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆಗೋ ಉಡುಪಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಗೋ ಹೇಗೂ ಚಿಕಿತ್ಸೆಗೆ ಹೋಗುವವರು ಅಲ್ಲಿನ ವೈದ್ಯರನ್ನು ಒಮ್ಮೆ ಕೇಳಿ ನೋಡಿ.

ಫೋನ್ ಮಾಡಿದಾಗ ಬರೀ "ಲಸಿಕೆ ಇದೆಯಾ?" ಎಂದು ಕೇಳಿದರೆ "ಇದೆ, ಬನ್ನಿ" ಎನ್ನುತ್ತಾರೆ. ಹೋದ ಮೇಲೆ ಅದು ಮಕ್ಕಳದ್ದಾಗಿರುತ್ತದೆ. ಹೀಗೆ ಕೇಳಿ: ಹಿರಿಯರ ಡೋಸ್ ಈಗ ನಿಮ್ಮ ಫ್ರಿಜ್‌ನಲ್ಲಿ ಇದೆಯೇ? ಫ್ಲೂ ಆದರೆ ಯಾವ ವರ್ಷದ್ದು, ಎಕ್ಸ್‌ಪೈರಿ ಯಾವ ತಿಂಗಳು? ಏಪ್ರಿಲ್, ಮೇಯಲ್ಲಿ ಕಳೆದ ಋತುವಿನ ಉಳಿಕೆಯೂ ಹೊಸತೂ ಒಟ್ಟಿಗೆ ಇರಬಹುದು, ಹೊಸತನ್ನೇ ಕೇಳಿ. ಚುಚ್ಚುವವರು ಯಾವ ದಿನ, ಎಷ್ಟು ಹೊತ್ತಿಗೆ ಇರುತ್ತಾರೆ? ನಮ್ಮ ಹೆಸರಿನಲ್ಲಿ ಒಂದು ತೆಗೆದಿಡುತ್ತೀರಾ? ಉತ್ತರ ಕೊಟ್ಟವರ ಹೆಸರು ಬರೆದಿಟ್ಟುಕೊಳ್ಳಿ, ಹೊರಡುವ ದಿನ ಬೆಳಿಗ್ಗೆ ಮತ್ತೊಮ್ಮೆ ಫೋನ್ ಮಾಡಿ.

ಇನ್ನು ತಣ್ಣಗಿಡುವ ವಿಷಯ. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ನಮ್ಮಲ್ಲಿ ಮೇ ತಿಂಗಳ ಸೆಕೆಯೂ ಜೂನಿನ ಗಾಳಿಮಳೆಗೆ ಹೋಗುವ ಕರೆಂಟೂ ಇದಕ್ಕೆ ವೈರಿಗಳು. ಕರೆಂಟ್ ಹೋದಾಗ ಫ್ರಿಜ್‌ಗೆ ಏನು ವ್ಯವಸ್ಥೆ, ತಾಪಮಾನವನ್ನು ದಿನಕ್ಕೆ ಎರಡು ಸಲ ಬರೆದಿಡುತ್ತಾರೆಯೇ ಎಂದು ಕೇಳಲು ಸಂಕೋಚ ಬೇಡ. ಸರಿಯಾಗಿ ನಡೆಸುವವರು ಪುಸ್ತಕ ತೆಗೆದು ತೋರಿಸುತ್ತಾರೆ. ಸಿಡುಕಿದರೆ ಬೇರೆ ಕಡೆ ಹೋಗಿ.

ಸೆಕೆಗಿಂತ ಹೆಚ್ಚು ಜನ ಎಡವುವುದು ಅತಿ ತಂಪಿನಲ್ಲಿ. ಕೆಡಬಾರದೆಂದು ಮನೆಯ ಫ್ರೀಜರಿನಲ್ಲಿ ಇಡುತ್ತಾರೆ, ಇಲ್ಲವೇ ಕಲ್ಲಿನಂಥ ಐಸಿನ ಮೇಲೆ ನೇರವಾಗಿ ಇಡುತ್ತಾರೆ. ಒಮ್ಮೆ ಹೆಪ್ಪುಗಟ್ಟಿದ ಲಸಿಕೆ ಮತ್ತೆ ನೀರಾದರೂ ಬಳಸುವಂತಿಲ್ಲ, ನೋಡಲು ಮಾತ್ರ ಮೊದಲಿನಂತೆಯೇ ಇರಬಹುದು. ಐಸ್ ಪ್ಯಾಕನ್ನು ಹೊರಗಿಟ್ಟು, ಅಲುಗಿಸಿದರೆ ಒಳಗೆ ನೀರಿನ ಸದ್ದು ಬರುವವರೆಗೆ ಕಾಯಿರಿ. ಲಸಿಕೆಯ ಪೆಟ್ಟಿಗೆಗೆ ಬಟ್ಟೆ ಸುತ್ತಿ, ಥರ್ಮೋಕೋಲ್‌ನಲ್ಲಿಟ್ಟು ನೇರ ಕ್ಲಿನಿಕ್‌ಗೆ ಒಯ್ಯಿರಿ. ಸ್ಕೂಟರಿನ ಡಿಕ್ಕಿಯಲ್ಲಿ ಬಿಡಬೇಡಿ, ದಾರಿಯಲ್ಲಿ ಮೀನು ಮಾರುಕಟ್ಟೆಗೆ ತಿರುಗಬೇಡಿ. ಎಲ್ಲಿ ಸಂಗ್ರಹವಿದೆಯೋ ಅಲ್ಲೇ ಹಾಕಿಸುವುದು ಇದಕ್ಕಿಂತ ಎಷ್ಟೋ ಮೇಲು.

## ಹಂತ 5: ಆ ದಿನ

ಏಕಾದಶಿಯ ದಿನ ಇಟ್ಟುಕೊಳ್ಳಬೇಡಿ. ಬರಿ ಹೊಟ್ಟೆಯಲ್ಲಿ ಸೂಜಿ ಕಂಡು ತಲೆ ತಿರುಗುವವರು ಕಡಿಮೆಯಲ್ಲ. ಮನೆಯ ಮದುವೆ, ಶ್ರಾದ್ಧ, ದೈವದ ನೇಮದ ಹಿಂದಿನ ದಿನವೂ ಬೇಡ, ಮರುದಿನ ಮೈಕೈ ನೋವು ಬರಬಹುದು. ಬೆಳಿಗ್ಗೆ ತಿಂಡಿ, ಎಂದಿನ ಮಾತ್ರೆ, ಸಡಿಲ ತೋಳಿನ ಅಂಗಿ ಅಥವಾ ರವಿಕೆ. ಬಿಗಿ ರವಿಕೆಯನ್ನು ಎತ್ತಲಾಗದೆ ರಟ್ಟೆಯ ತಪ್ಪು ಜಾಗಕ್ಕೆ ಚುಚ್ಚಿದ್ದನ್ನು ನಾನೇ ನೋಡಿದ್ದೇನೆ, ಆ ಹೆಂಗಸಿಗೆ ತಿಂಗಳು ಕಾಲ ಭುಜ ಎತ್ತಲಾಗಲಿಲ್ಲ.

ಚುಚ್ಚುವ ಮೊದಲು ಪೆಟ್ಟಿಗೆಯ ಹೆಸರು, ಎಕ್ಸ್‌ಪೈರಿ, ಬ್ಯಾಚ್ ಸಂಖ್ಯೆಗಳ ಫೋಟೊ ತೆಗೆಯಿರಿ. ರಕ್ತ ತೆಳುವಾಗಿಸುವ ಮಾತ್ರೆಯ ವಿಷಯ ಮತ್ತೆ ಹೇಳಿ. ಅವರಿಗೂ ಲಸಿಕೆ ಹಾಕಬಹುದು, ಸಣ್ಣ ಸೂಜಿ ಬಳಸಿ, ಬಳಿಕ ಎರಡು ನಿಮಿಷ ಉಜ್ಜದೆ ಒತ್ತಿ ಹಿಡಿಯಬೇಕು. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ಬಳಿಕ 30 ನಿಮಿಷ ಅಲ್ಲೇ ಕುಳಿತಿರಿ. ಬಸ್ಸು ಬಂತೆಂದು ಎದ್ದು ಓಡುವವರು ಬಹಳ. ಜೀವಕ್ಕೆ ಕುತ್ತು ತರುವ ಅಲರ್ಜಿ ಅಪರೂಪ, ಆದರೆ ಬಂದರೆ ಹೆಚ್ಚಾಗಿ ಆ ಹೊತ್ತಿನಲ್ಲೇ ಬರುತ್ತದೆ. ಅದಕ್ಕೆ ಬೇಕಾದ ಅಡ್ರಿನಲಿನ್ ಇಂಜೆಕ್ಷನ್ ಅಲ್ಲಿದೆಯೇ ಎಂದು ಮೊದಲೇ ಕೇಳಿರಬೇಕು. ಹಾಸಿಗೆ ಹಿಡಿದವರಿಗೆ ಮನೆಗೆ ಬಂದು ಹಾಕುವ ನರ್ಸ್ ಕೂಡ ಅದನ್ನು ಜತೆಗೆ ತಂದಿರಬೇಕು, ಅರ್ಧ ಗಂಟೆ ಕುಳಿತೇ ಹೋಗಬೇಕು.

## ಹಂತ 6: ಮೊದಲ ಮೂರು ದಿನ

ರಟ್ಟೆ ನೋವು, ಸ್ವಲ್ಪ ಊತ, ಮೈಕೈ ನೋವು, ಸಣ್ಣ ಜ್ವರ ಒಂದೆರಡು ದಿನ ಸಹಜ. ಸರ್ಪಸುತ್ತಿನ ಲಸಿಕೆಗೆ ಇದು ತುಸು ಜೋರು. ಮೊದಲೇ ಹೇಳಿಟ್ಟರೆ ಹೆದರುವುದಿಲ್ಲ, ಎರಡನೇ ಡೋಸ್ ಬೇಡವೆನ್ನುವುದೂ ಇಲ್ಲ. ತಣ್ಣೀರಿನ ಬಟ್ಟೆ ಇಡಿ. ಎಣ್ಣೆ ಹಾಕಿ ತಿಕ್ಕುವುದು, ಬಿಸಿ ಶಾಖ ಕೊಡುವುದು ಬೇಡ. ನೋವಿದ್ದರೆ ಪ್ಯಾರಾಸಿಟಮಾಲ್ ಸಾಕು, ಯಕೃತ್ತಿನ ತೊಂದರೆ ಇರುವವರು ಪ್ರಮಾಣವನ್ನು ವೈದ್ಯರಲ್ಲಿ ಕೇಳಿ.

ಕೂಡಲೇ 108ಕ್ಕೆ ಕರೆ ಮಾಡಬೇಕಾದ ಲಕ್ಷಣಗಳು: ಉಸಿರು ಕಟ್ಟುವುದು, ತುಟಿ, ನಾಲಿಗೆ, ಮುಖ ಊದುವುದು, ಮೈಯೆಲ್ಲ ದದ್ದು ಏಳುವುದು, ಎದೆನೋವು, ಪ್ರಜ್ಞೆ ತಪ್ಪುವುದು.

ಅದೇ ದಿನ ವೈದ್ಯರಿಗೆ ತೋರಿಸಬೇಕಾದವು: ಎರಡು ದಿನ ದಾಟಿದರೂ ಇಳಿಯದ ಜ್ವರ, ಮೂರನೇ ದಿನ ಕಡಿಮೆಯಾಗುವ ಬದಲು ಹರಡುತ್ತಿರುವ ಕೆಂಪು, ಕೈಕಾಲು ಸೋತುಹೋಗುವುದು. ಈ ಕೊನೆಯದು ಕೆಲವು ವಾರ ಕಳೆದು ಬಂದರೂ ಕಡೆಗಣಿಸಬೇಡಿ. ಇದರ ಜತೆಗೆ ಹಿರಿಯರಲ್ಲಿ ಹೆಚ್ಚಾಗಿ ಕಾಣುವ ಸೂಚನೆಯೊಂದಿದೆ: ಜ್ವರವಿಲ್ಲದೆ ಇದ್ದಕ್ಕಿದ್ದಂತೆ ಏನೇನೋ ಮಾತಾಡುವುದು, ಮನೆಯವರ ಗುರುತು ಸಿಗದಿರುವುದು, ಊಟ ಬೇಡವೆನ್ನುವುದು, ನಡೆಯುವಾಗ ಬೀಳುವುದು. ವಯಸ್ಸಾದವರ ನ್ಯುಮೋನಿಯಾ ಹೀಗೆಯೇ ಶುರುವಾಗಬಹುದು. ಲಸಿಕೆಯ ಪರಿಣಾಮವೆಂದು ಕಾದು ಕೂರಬೇಡಿ.

## ಹಂತ 7: ಎರಡನೇ ಡೋಸ್ ಕೈತಪ್ಪದಂತೆ

ನನ್ನ ಸೋದರಮಾವನಿಗೆ ಸರ್ಪಸುತ್ತಿನ ಮೊದಲ ಡೋಸ್ ಹಾಕಿಸಿದ್ದು ನಾನೇ. ಎರಡನೆಯದರ ನೆನಪಾದದ್ದು ಹದಿನಾಲ್ಕು ತಿಂಗಳ ಮೇಲೆ. ಆರು ತಿಂಗಳು ದಾಟಿದರೆ ಮೊದಲಿನಿಂದ ಶುರು ಮಾಡಬೇಕಿಲ್ಲ, ಎರಡನೆಯದನ್ನು ಹಾಕಿಸಿದರೆ ಸಾಕು ಎಂದು ವೈದ್ಯರು ಹೇಳಿದಾಗ ನನಗೆ ಉಸಿರು ಬಂತು. ಆದರೆ ನಡುವಿನ ಅಷ್ಟೂ ತಿಂಗಳು ಅವರು ಅರ್ಧ ರಕ್ಷಣೆಯಲ್ಲಿದ್ದರು. ಆ ನೋವು ನನ್ನನ್ನು ಬಿಟ್ಟಿಲ್ಲ.

ಅಂದಿನಿಂದ ಲಸಿಕೆಯ ಸ್ಟಿಕ್ಕರನ್ನು ಬಿಪಿ ಮಾತ್ರೆಯ ಡಬ್ಬಿಗೇ ಅಂಟಿಸಿ, ಪಕ್ಕದಲ್ಲಿ ಮುಂದಿನ ತಾರೀಕು ಬರೆಯುತ್ತೇನೆ. ದಿನಾ ಕಣ್ಣಿಗೆ ಬೀಳುವ ಜಾಗ ಅದು. ಫೋನಿನಲ್ಲೂ ಹಾಕಿಡಿ, ದೂರದಲ್ಲಿರುವ ಮಗಳಿಗೂ ಫೋಟೊ ಕಳಿಸಿ.

## ಊರಿನ ಹಲವರಿಗೆ ಒಟ್ಟಿಗೆ ಮಾಡುವುದಾದರೆ

ಯುವಕ ಮಂಡಲ, ಮಹಿಳಾ ಮಂಡಲ, ಸ್ವಸಹಾಯ ಸಂಘಗಳು ಶಿಬಿರ ಮಾಡಿದಾಗ ಬ್ಯಾನರ್ ಮೊದಲು ಬರುತ್ತದೆ, ಹೆಸರುಗಳ ಪಟ್ಟಿ ಕೊನೆಗೆ. ಅದನ್ನು ತಿರುಗಿಸಿ. ಯಾವ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ, ಯಾರು ಒಂಟಿಯಾಗಿದ್ದಾರೆ ಎಂದು ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ, ಅವರನ್ನು ಕೂರಿಸಿಕೊಂಡೇ ಪಟ್ಟಿ ಮಾಡಿ. ಪ್ರತಿ ಹೆಸರಿಗೂ ಹಂತ 1ರ ಚೀಟಿ ತುಂಬಿಸಿ, ಶಿಬಿರಕ್ಕೆ ವಾರ ಮೊದಲೇ ವೈದ್ಯರಿಗೆ ತೋರಿಸಿ. ಎಷ್ಟು ಚೀಟಿಗೆ ಒಪ್ಪಿಗೆ ಸಿಕ್ಕಿತೋ ಅಷ್ಟೇ ಲಸಿಕೆ ತರಿಸಿ.

ಜಾಗ ನೆಲಮಟ್ಟದಲ್ಲಿರಲಿ, ಹತ್ತಿರ ಶೌಚಾಲಯವಿರಲಿ. ಭಜನಾ ಮಂದಿರವಾಗಲಿ, ಚರ್ಚಿನ ಸಭಾಂಗಣವಾಗಲಿ, ಶಾಲೆಯಾಗಲಿ, ಮೆಟ್ಟಿಲು ಹತ್ತುವಂತಿದ್ದರೆ ಬೇಡ. ವೈದ್ಯರು ಸ್ಥಳದಲ್ಲೇ ಇರಬೇಕು, ವಾಹನ ಒಂದು ತಯಾರಿರಬೇಕು, ಅರ್ಧ ಗಂಟೆ ಕೂರಲು ಬೆನ್ನಿರುವ ಕುರ್ಚಿಗಳು ಬೇಕು. ಲಸಿಕೆಯ ಪೆಟ್ಟಿಗೆಯೊಳಗೆ ಥರ್ಮಾಮೀಟರ್ ಇಟ್ಟು ಗಂಟೆಗೊಮ್ಮೆ ಓದಿ ಬರೆಯಲು ಒಬ್ಬರನ್ನು ಗೊತ್ತುಮಾಡಿ. ಭಾಷಣ ಇಡಬೇಡಿ, ಅದು ಮುಗಿಯುವಷ್ಟರಲ್ಲಿ ಸಕ್ಕರೆ ಕಾಯಿಲೆಯವರಿಗೆ ಹಸಿವಾಗಿ ಸುಸ್ತಾಗಿರುತ್ತದೆ.

ಎರಡನೇ ಡೋಸ್ ಬೇಕಾದ ಲಸಿಕೆಯಾದರೆ ಅದರ ದಿನವನ್ನು ಮೊದಲ ಶಿಬಿರಕ್ಕೂ ಮುಂಚೆ ನಿಗದಿ ಮಾಡಿ ಕಾರ್ಡಿನಲ್ಲಿ ಬರೆದುಕೊಡಿ. ಮರುದಿನ ಬೆಳಿಗ್ಗೆ ಪಟ್ಟಿಯ ಪ್ರತಿಯೊಬ್ಬರಿಗೂ ಫೋನ್ ಮಾಡಿ ಹೇಗಿದ್ದೀರಿ ಎಂದು ಕೇಳಿ. ಫೋನ್ ಎತ್ತದ ಮನೆಗಳಿಗೆ ಹತ್ತು ಗಂಟೆಯೊಳಗೆ ಒಬ್ಬರು ನಡೆದು ಹೋಗಿ ನೋಡಿ ಬರಲಿ.